ರೈಲು ಬರುತ್ತೆ, ನಿಲ್ಲಲ್ಲ

ಪಾಳು ಬಿದ್ದ ಮನೆ, ಪಾಳು ಬಿದ್ದ ಗುಡಿ, ಹೂಳು ತುಂಬಿದ ಬಾವಿ ಇಲ್ಲದ ಊರು ನಮ್ಮ ಕಡೆ ಯಾವುದಿದೆ ಹೇಳಿ? ಆದ್ರೆ ಪಾಳು ಬಿದ್ದ ರೈಲ್ವೆ ಸ್ಟೇಷನ್ ಅಂದ್ರೆ ಮನಸ್ಸಿಗೆ ಒಂಥರಾ ಆಗುತ್ತೆ. ಮನೆ ಬಿಟ್ಟು ಹೋದವರು ಹೋದ್ರು, ಅಲ್ಲಿಗೆ ಮುಗೀತು. ಸ್ಟೇಷನ್ ಕಥೆ ಹಾಗಲ್ಲ. ಪಕ್ಕದಲ್ಲೇ ಹಳಿ ಹೊಳೀತಿರುತ್ತೆ. ದಿನಾ ರೈಲು ಕೂಗಿಕೊಂಡು ಬರುತ್ತೆ, ಕಿಟಕಿಯಲ್ಲಿ ಮುಖಗಳು ಕಾಣುತ್ತವೆ, ಹಾಗೇ ಹೋಗಿಬಿಡುತ್ತೆ.

ನಾನು ಮಂಡ್ಯದ ಪಕ್ಕದ ಹೊಳಲಿನವಳು. ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಹೀಗಾಗಿ ನನ್ನ ಬದುಕಿನ ಟೈಮ್‌ಟೇಬಲ್ ಅಂದ್ರೆ ರೈಲಿನ ಟೈಮ್‌ಟೇಬಲ್ಲೇ. ಹೋಗ್ತಾ ಬರ್ತಾ ಕಿಟಕಿ ಪಕ್ಕ ಕೂತಾಗ ತಲೆಗೆ ಬರೋ ಪ್ರಶ್ನೆ ಒಂದೇ. ಸ್ಟೇಷನ್ ಒಂದು ಸಾಯೋದು ಯಾವಾಗ?

ನ್ಯೂಯಾರ್ಕಿನ ಚೆಲುವಿನ ಸ್ಟೇಷನ್

ನ್ಯೂಯಾರ್ಕಿನ ಸಬ್‌ವೇ ಶುರುವಾದದ್ದು 1904ರಲ್ಲಿ. ಅದರ ಅತಿ ಚೆಂದದ ಸ್ಟೇಷನ್ನು ಸಿಟಿ ಹಾಲ್. ಕಮಾನು ಚಾವಣಿ, ಬಣ್ಣದ ಟೈಲ್ಸ್, ಬೆಳಕು ಇಳಿಯೋಕೆ ಗಾಜಿನ ಕಿಂಡಿ, ದೀಪದ ಗೊಂಚಲು. ಇಷ್ಟೆಲ್ಲ ಇದ್ದೂ 1945ರ ಕೊನೆಗೆ ಬಾಗಿಲು ಹಾಕಿದ್ರು.

ಕಾರಣ ಏನು ಗೊತ್ತಾ? ಪ್ಲಾಟ್‌ಫಾರ್ಮು ಬಿಲ್ಲಿನ ಹಾಗೆ ಬಾಗಿತ್ತು. ಕಾಲ ಕಳೆದ ಹಾಗೆ ರೈಲು ಉದ್ದವಾಯ್ತು, ಬೋಗಿಯ ನಡುವೆಯೂ ಬಾಗಿಲು ಬಂತು. ಆ ತಿರುವಿನಲ್ಲಿ ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ದೊಡ್ಡ ಸಂದು ಬಿಡುತ್ತಿತ್ತು. ಸರಿ ಮಾಡಬಹುದಿತ್ತು. ಆದ್ರೆ ಅಲ್ಲಿ ಹತ್ತೋರೇ ಕಮ್ಮಿ. ನಡೆದು ಹೋಗುವಷ್ಟು ಹತ್ತಿರದಲ್ಲೇ ಬ್ರೂಕ್ಲಿನ್ ಬ್ರಿಡ್ಜ್ ಸ್ಟೇಷನ್ ಇತ್ತು, ಅಲ್ಲಿ ಎಕ್ಸ್‌ಪ್ರೆಸ್ಸೂ ನಿಲ್ಲುತ್ತಿತ್ತು. ಜನ ಆ ಕಡೆ ಹೋದ್ರು. ಇವತ್ತಿಗೂ 6ನೇ ನಂಬರಿನ ರೈಲು ಆ ಹಳೇ ಸ್ಟೇಷನ್ ಒಳಗೇ ಸುತ್ತು ಹಾಕಿ ವಾಪಸ್ ತಿರುಗುತ್ತೆ. ನಿಲ್ಲಲ್ಲ.

ಲಂಡನ್ನಿನ ಆಲ್ಡ್‌ವಿಚ್ ಸ್ಟೇಷನ್ನಿನದ್ದೂ ಇದೇ ಪಾಡು. 1907ರಲ್ಲಿ ತೆರೆದದ್ದು, 1994ರಲ್ಲಿ ಮುಚ್ಚಿತು. ಹಳೇ ಲಿಫ್ಟ್ ಬದಲಿಸೋ ಖರ್ಚು, ಅಲ್ಲಿ ಓಡಾಡೋ ಜನರ ಲೆಕ್ಕ, ಎರಡೂ ತಾಳೆಯಾಗಲಿಲ್ಲ. ಇದೇ ಸ್ಟೇಷನ್ನಿನ ಸುರಂಗದಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಮ್ಯೂಸಿಯಂನ ಅಮೂಲ್ಯ ವಸ್ತುಗಳನ್ನು ಬಚ್ಚಿಟ್ಟಿದ್ರು. ಅಂಥ ಇತಿಹಾಸವೂ ಅದನ್ನು ಉಳಿಸಲಿಲ್ಲ.

ನಮ್ಮ ಮೆಟ್ರೊಗೆ ಇನ್ನೂ ಆ ವಯಸ್ಸಾಗಿಲ್ಲ. ಅದು ಓಡೋಕೆ ಶುರುವಾಗಿದ್ದು 2011ರಲ್ಲಿ, ನೆಲದಡಿಯ ಮೊದಲ ಮಾರ್ಗ ತೆರೆದದ್ದು 2016ರಲ್ಲಿ. ಹಾಗಾಗಿ ನಮ್ಮಲ್ಲಿ ಬಿಟ್ಟುಹೋದ ಸ್ಟೇಷನ್ ನೋಡಬೇಕು ಅಂದ್ರೆ ಹಳೇ ರೈಲು ಹಳಿ ಹಿಡಿದೇ ಹೋಗಬೇಕು. ಬಹಳ ದೂರ ಏನಿಲ್ಲ, ಏರ್‌ಪೋರ್ಟ್ ಕಡೆ ಹೋದ್ರೆ ಸಾಕು.

ವಿಮಾನದ ಸದ್ದಿನ ಕೆಳಗೆ

ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗೋ ಹಳಿ ಇದೆಯಲ್ಲ, ಅದು ಸುಮಾರು ನೂರು ವರ್ಷ ಹಿಂದೆ ಹಾಕಿದ ನ್ಯಾರೋಗೇಜ್ ಮಾರ್ಗ. ಎರಡೂವರೆ ಅಡಿ ಅಗಲದ ಪುಟ್ಟ ಹಳಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಅಂತ ಸಾಲಾಗಿ ಸ್ಟೇಷನ್‌ಗಳು. ದೊಡ್ಡಜಾಲದ ಹಳೇ ಕಟ್ಟಡ ನಾನು ಕಂಡಾಗ ಗೋಡೆ ಮಾತ್ರ ಗಟ್ಟಿಯಾಗಿ ನಿಂತಿತ್ತು, ತಲೆ ಮೇಲೆ ಚಾವಣಿ ಇರಲಿಲ್ಲ. ಒಳಗೆ ಗಿಡ ಬೆಳೆದಿತ್ತು. ಮೇಲೆ ನೋಡಿದ್ರೆ ಇಳಿಯೋಕೆ ಬರ್ತಿರೋ ವಿಮಾನ.

ಇಂಥ ಕಟ್ಟಡಗಳು ಯಾಕೆ ಹಿಂದೆ ಬೀಳ್ತವೆ? ಮೊದಲ ಕಾರಣ ಹಳಿಯ ಅಗಲ. ನ್ಯಾರೋಗೇಜ್ 762 ಮಿಲಿಮೀಟರ್, ಮೀಟರ್‌ಗೇಜ್ 1,000, ಬ್ರಾಡ್‌ಗೇಜ್ 1,676. ಅಗಲ ಬದಲಾಯ್ತು ಅಂದ್ರೆ ಬರೀ ಕಂಬಿ ಬದಲಿಸಿದ್ರೆ ಆಗಲ್ಲ. ದೊಡ್ಡ ಗಾಡಿಗೆ ಸಣ್ಣ ತಿರುವು ಆಗಿಬರಲ್ಲ, ಹಳೇ ಸೇತುವೆ ಸಾಲಲ್ಲ, ಪ್ಲಾಟ್‌ಫಾರ್ಮು ಎತ್ತರವಾಗಬೇಕು, ಉದ್ದವಾಗಬೇಕು. ಎಷ್ಟೋ ಕಡೆ ಹೊಸದಾಗಿ ಕಟ್ಟೋದೇ ಸಲೀಸು. ನಂಜನಗೂಡಿನಲ್ಲಿ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ಆಮೇಲೆ ಅದರ ಮೇಲೇ ರೈಲೂ ಓಡ್ತು, ರಸ್ತೆಯೂ ಇತ್ತು. ಚಾಮರಾಜನಗರದ ಮಾರ್ಗ ಬ್ರಾಡ್‌ಗೇಜ್ ಆದಾಗ ಪಕ್ಕದಲ್ಲಿ ಹೊಸ ಸೇತುವೆ ಎದ್ದಿತು, ಅಜ್ಜನ ಕಾಲದ್ದು ಸುಮ್ಮನೆ ಉಳೀತು.

ಎರಡನೇ ಕಾರಣ ಇನ್ನೂ ಸರಳ. ಬಸ್ಸು ಮನೆ ಹತ್ರ ಬಂತು. ದಿನಕ್ಕೆ ಎರಡೋ ಮೂರೋ ಸಲ ಬರೋ ರೈಲಿಗೆ ಗಂಟೆಗಟ್ಟಲೆ ಯಾರು ಕಾಯ್ತಾರೆ?

ಸಮಾಧಾನದ ಸಂಗತಿ ಅಂದ್ರೆ ಇಂಟ್ಯಾಕ್ ಬೆಂಗಳೂರು ಘಟಕ ನೈರುತ್ಯ ರೈಲ್ವೆ ಜೊತೆ ಸೇರಿ ಈ ಮಾರ್ಗದ ಹಳೇ ಸ್ಟೇಷನ್ ಕಟ್ಟಡಗಳನ್ನು ಉಳಿಸೋ ಕೆಲಸಕ್ಕೆ ಕೈಹಾಕಿದೆ. ಅದೇ ಹಳಿಯಲ್ಲಿ 2021ರ ಜನವರಿಯಲ್ಲಿ ಏರ್‌ಪೋರ್ಟ್‌ಗೆ ಅಂತಲೇ ಒಂದು ಹೊಸ ಹಾಲ್ಟ್ ಸ್ಟೇಷನ್ ತೆರೆದರು. ಟ್ಯಾಕ್ಸಿಗೆ ಸಾವಿರ ರೂಪಾಯಿ ಸುರಿಯೋ ಬದಲು ಕೆಲವೇ ರೂಪಾಯಿಗೆ ಹೋಗಬಹುದಲ್ಲ ಅಂತ ಎಲ್ಲರೂ ಖುಷಿಪಟ್ಟರು. ಆದ್ರೆ ಅಂದುಕೊಂಡಷ್ಟು ಜನ ಹತ್ತಲಿಲ್ಲ. ವಿಮಾನದ ಟೈಮಿಗೂ ರೈಲಿನ ಟೈಮಿಗೂ ಹೊಂದಿಕೆ ಬೇಕಲ್ಲ! ಹೊಸ ಸ್ಟೇಷನ್ ಅಂದ ಮಾತ್ರಕ್ಕೆ ಆಯಸ್ಸು ಗಟ್ಟಿ ಅಂತಲ್ಲ.

ಚಿನ್ನ ಹೋಯ್ತು, ಸ್ಟೇಷನ್ ಉಳೀತು

ಈಗ ಇದಕ್ಕೆ ಪೂರ್ತಿ ಉಲ್ಟಾ ಇರೋ ಕಥೆ ಕೇಳಿ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಒಂದು ಪುಟ್ಟ ಕವಲು ಮಾರ್ಗ ಇದೆ. 1894ರಲ್ಲಿ ಗಣಿಗಾಗಿಯೇ ಹಾಕಿದ್ದು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಹೆಸರು ಕೇಳಿದ್ರೇ ಗಣಿಯ ವಾಸನೆ ಬರುತ್ತೆ.

ಆ ಗಣಿಗೂ ನಮ್ಮ ಜಿಲ್ಲೆಗೂ ನಂಟಿದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಹಿಡಿದು ಹೋಗಿ ಮೊದಲು ಬೆಳಗಿದ್ದು ಕೋಲಾರದ ಚಿನ್ನದ ಗಣಿಯನ್ನು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ ಅದು. ಸುರಂಗ, ಗಾಡಿ, ಲಿಫ್ಟು, ಅದೊಂದು ಬೇರೆಯೇ ಊರು. 2001ರ ಫೆಬ್ರವರಿ 28ಕ್ಕೆ ಎಲ್ಲ ನಿಂತುಹೋಯ್ತು. ಕೆಳಗಿನ ಊರು ಕತ್ತಲಾಯ್ತು, ನೀರು ತುಂಬಿಕೊಳ್ತು.

ಲೆಕ್ಕದ ಪ್ರಕಾರ ಮೇಲಿನ ಸ್ಟೇಷನ್‌ಗಳೂ ಅವತ್ತೇ ಬಾಗಿಲು ಹಾಕಬೇಕಿತ್ತು. ಯಾವ ಕೆಲಸಕ್ಕೆ ಹಳಿ ಹಾಕಿದ್ರೋ ಆ ಕೆಲಸವೇ ಇಲ್ಲವಲ್ಲ! ಆದ್ರೆ ಹಾಗಾಗಲಿಲ್ಲ. ಗಣಿ ಕೆಲಸದವರ ಮಕ್ಕಳು ಬೆಳಗಿನ ಜಾವ ಎದ್ದು ಡಬ್ಬಿ ಕಟ್ಟಿಕೊಂಡು ಮಾರಿಕುಪ್ಪಂ ರೈಲು ಹತ್ತಿದ್ರು. ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆಗೆ ವಾಪಸ್. ಇವತ್ತೂ ಆ ಬೋಗಿಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ಏರ್‌ಪೋರ್ಟೇ ಪಕ್ಕಕ್ಕೆ ಬಂದ್ರೂ ದೊಡ್ಡಜಾಲದ ಹಳೇ ಕಟ್ಟಡ ಪಾಳು ಬಿತ್ತು. ಊರಿನ ಕಸುಬೇ ಹೋದ್ರೂ ಉರಿಗಾಂ ಬದುಕಿತು. ಕಟ್ಟಡದ ಚೆಂದವಾಗಲಿ ಇತಿಹಾಸದ ಹೆಮ್ಮೆಯಾಗಲಿ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಬೆಳಗ್ಗೆ ಅಲ್ಲಿ ನಿಂತು ಕಾಯೋ ಜನ ಇದ್ರು, ಸ್ಟೇಷನ್ ಉಳೀತು.

ಮಲೆನಾಡಿನ ಅರಸಾಳು ನಿಮಗೆ ನೆನಪಿರಬಹುದು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗೆ ಚಿತ್ರೀಕರಣ ಮಾಡಿದ ಸ್ಟೇಷನ್. ಮಾರ್ಗ ಬ್ರಾಡ್‌ಗೇಜ್ ಆದ್ಮೇಲೆ ಹಳೇ ಕಟ್ಟಡ ಮೂಲೆಗುಂಪಾಗಿತ್ತು. ಆ ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರ ಕೈಯಲ್ಲೇ ಅದಕ್ಕೆ ಹೊಸ ರೂಪ ಬಂದು, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯ್ತು. ಶಿವಮೊಗ್ಗ ಕಡೆ ಹೋದ್ರೆ ಖಂಡಿತ ನೋಡಿ, ಫೋಟೊ ತೆಗೆಸಿಕೊಳ್ಳಿ. ಆದ್ರೆ ಎಲ್ಲ ಸ್ಟೇಷನ್ನಿಗೂ ಒಂದೊಂದು ಮಾಲ್ಗುಡಿಯ ಪುಣ್ಯ ಇರಲ್ಲ ಕಣ್ರೀ.

ಹುಟ್ಟದೇ ಹೋದ ಸ್ಟೇಷನ್ನು

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ತಮಾಷೆ ಇದೆ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರಿನ ರೈಲು ಮಾರ್ಗಕ್ಕೆ 1996-97ರಲ್ಲೇ ಮಂಜೂರಾತಿ ಸಿಕ್ಕಿತ್ತು. ಅವತ್ತು ಹುಟ್ಟಿದ ಮಕ್ಕಳು ಈಗ ನಮ್ಮ ಆಫೀಸುಗಳಲ್ಲಿ ಟೀಮ್ ಲೀಡರ್‌ಗಳು. ಹಳಿ ಮಾತ್ರ ಬಿದ್ದಿಲ್ಲ. ಬಜೆಟ್ ಬಂದಾಗ ಸುದ್ದಿ ಬರುತ್ತೆ, ಚುನಾವಣೆ ಬಂದಾಗ ಭರವಸೆ ಬರುತ್ತೆ, ಆಮೇಲೆ ಮಳವಳ್ಳಿಯವರು ಎಂದಿನಂತೆ ಬಸ್ಸು ಹತ್ತಿ ಮದ್ದೂರಿಗೆ ಬಂದು ರೈಲು ಹಿಡೀತಾರೆ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ತಾಲ್ಲೂಕಿಗೆ ಒಂದು ರೈಲು ಬರೋಕೆ ಇನ್ನೂ ಮುಹೂರ್ತ ಕೂಡಿಬಂದಿಲ್ಲ. ಇರೋ ಸ್ಟೇಷನ್ನಿನ ಬೆಲೆ ಏನು ಅಂತ ತಿಳೀಬೇಕಾದ್ರೆ ಮಳವಳ್ಳಿಯವರನ್ನ ಕೇಳಿ.

ಹನಕೆರೆಯಲ್ಲಿ ಹತ್ತೋರು

ಮದ್ದೂರಿಗೂ ಮಂಡ್ಯಕ್ಕೂ ನಡುವೆ ಹನಕೆರೆ ಅಂತ ಒಂದು ಪುಟ್ಟ ಸ್ಟೇಷನ್ ಇದೆ. ಬೆಂಗಳೂರು–ಮೈಸೂರು ಮಾರ್ಗ ಬಿದ್ದದ್ದು 1881-82ರಲ್ಲಿ. ಅದೇ ಹಳಿ ಪಕ್ಕದ ಇಂಥ ಸಣ್ಣ ನಿಲ್ದಾಣಗಳನ್ನು ವೇಗದ ಗಾಡಿಗಳು ಕಣ್ಣೆತ್ತಿಯೂ ನೋಡಲ್ಲ. ಪ್ಯಾಸೆಂಜರ್, ಮೆಮು ಗಾಡಿಗಳೇ ಇವಕ್ಕೆ ಉಸಿರು.

ನನ್ನ ಸೋದರತ್ತೆ ಮಗಳು ಆ ಕಡೆಯ ಹಳ್ಳಿಯವಳು. ಕೆಂಗೇರಿ ಕಡೆ ಒಂದು ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ಎರಡು ಹಸು, ಮಂಡಿ ನೋವಿನ ಅಮ್ಮ. 2020ರ ಮಾರ್ಚಿನಲ್ಲಿ ದೇಶದ ರೈಲೆಲ್ಲ ನಿಂತಾಗ ಅವಳ ಓಡಾಟವೂ ನಿಂತಿತು. ಲ್ಯಾಬಿನವರು ಬಾ ಅಂದಾಗ ರೈಲು ಇನ್ನೂ ಇರಲಿಲ್ಲ, ಪಿಜಿ ಹಿಡಿದಳು. ಸಂಬಳದಲ್ಲಿ ಮೂರರಲ್ಲೊಂದು ಪಾಲು ಅದಕ್ಕೇ ಹೋಯ್ತು. ಹಸು ಮಾರಿದ್ರು. ಆಮೇಲೆ ಪ್ಯಾಸೆಂಜರ್ ಗಾಡಿಗಳು ‘ಸ್ಪೆಷಲ್’ ಅನ್ನೋ ಹೆಸರಲ್ಲಿ ವಾಪಸ್ ಬಂದಾಗ 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಗಿತ್ತು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ.

ಈಗವಳು ಮತ್ತೆ ಊರಿಂದಲೇ ಓಡಾಡ್ತಾಳೆ. ಮೊನ್ನೆ ಕೇಳಿದೆ, ಸಾಕಾಗಲ್ವೇನೇ ಅಂತ. “ರೈಲು ನಿಂತ್ರೆ ಮನೆ ಊಟ, ನಿಲ್ದಿದ್ರೆ ಪಿಜಿ ಊಟ, ಅಷ್ಟೇ ಕಣಕ್ಕ” ಅಂದಳು.

ಒಂದು ಸ್ಟೇಷನ್ ಅಂದ್ರೆ ಇದೇ. ಅದು ಇದ್ರೆ ಊರಲ್ಲಿದ್ದುಕೊಂಡೇ ನಗರದ ಸಂಬಳ ತರಬಹುದು. ಹೋದ್ರೆ ಮೊದಲು ಹುಡುಗಿಯರ ಓಡಾಟ ನಿಲ್ಲುತ್ತೆ, ಆಮೇಲೆ ಮನೆಗೆ ಬೀಗ ಬೀಳುತ್ತೆ. ಎಕ್ಸ್‌ಪ್ರೆಸ್ ಹೈವೇ 2023ರಲ್ಲಿ ತೆರೆದ ಮೇಲೆ ಹಳೇ ರಸ್ತೆ ಬದಿಯ ಹೋಟೆಲ್‌ಗಳ ಗತಿ ಏನಾಯ್ತು ಅಂತ ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ದಾರಿ ಹತ್ತಿರವೇ ಇದೆ, ಕಾರು ಕಾಣುತ್ತೆ, ಯಾರೂ ಇಳಿಯಲ್ಲ.

ನಮ್ಮ ಕೈಲಿರೋದು

ಭಾಷಣ ಮಾಡಲ್ಲ, ಒಂದೇ ಸಣ್ಣ ಮಾತು. ಯಾವ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಬೇಕು ಅಂತ ತೀರ್ಮಾನ ಮಾಡೋವಾಗ ಮುಖ್ಯವಾಗಿ ನೋಡೋದು ಅಲ್ಲಿನ ಪ್ರಯಾಣಿಕರ ಸಂಖ್ಯೆ ಮತ್ತು ಆದಾಯ. ಎಷ್ಟೋ ಹಾಲ್ಟ್‌ಗಳಲ್ಲಿ ಟಿಕೆಟ್ ಕೊಡೋದು ರೈಲ್ವೆ ನೌಕರರೂ ಅಲ್ಲ, ಕಮಿಷನ್ ಮೇಲೆ ಕೆಲಸ ಮಾಡೋ ಏಜೆಂಟ್. ಟಿಕೆಟ್ ಮಾರಾಟ ಆದ್ರೆ ಅವರಿಗೂ ಎರಡು ಕಾಸು.

ಆದ್ರೆ ನಮ್ಮವರು ಮಾಡೋದೇನು? ಹತ್ತೋದು ಹನಕೆರೆಯಲ್ಲಿ, ಪಾಸು ಮಂಡ್ಯದ್ದು. ಒಂದು ದಿನ ಮಂಡ್ಯಕ್ಕೆ ಹೋಗಿ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯೋಕೂ ಆಗುತ್ತೆ ಅನ್ನೋ ಲೆಕ್ಕಾಚಾರ. ತಪ್ಪೇನಿಲ್ಲ, ರೂಲ್ಸಿಗೂ ಅಡ್ಡಿಯಿಲ್ಲ. ಆದ್ರೆ ಪುಸ್ತಕದಲ್ಲಿ ಬೀಳೋ ಲೆಕ್ಕ ಮಂಡ್ಯದ್ದು. ಹನಕೆರೆಯ ಹಾಜರಿಯಲ್ಲಿ ನೀವು ಇಲ್ಲವೇ ಇಲ್ಲ. ನಾಳೆ ಯಾರಾದ್ರೂ ಪಟ್ಟಿ ತೆಗೆದು “ಇಲ್ಲಿ ಯಾರೂ ಹತ್ತಲ್ಲವಲ್ಲ” ಅಂದ್ರೆ ಏನಂತ ವಾದ ಮಾಡ್ತೀರಿ?

ಹಾಗಾಗಿ ಹತ್ತೋ ಸ್ಟೇಷನ್ನಿನ ಹೆಸರಲ್ಲೇ ಟಿಕೆಟ್ ತಗೊಳ್ಳಿ. ಈಗ ಫೋನಿನಲ್ಲೇ ಸಿಗುತ್ತೆ, ಕ್ಯೂ ನಿಲ್ಲೋ ತಾಪತ್ರಯವೂ ಇಲ್ಲ. ನನ್ನ ಸೋದರತ್ತೆ ಮಗಳು ಈ ಸಲ ಪಾಸು ಮಾಡಿಸಿದ್ದು ಹನಕೆರೆಯಿಂದಲೇ. ಅವಳ ಜೊತೆ ಓಡಾಡೋ ಇನ್ನೂ ನಾಲ್ಕು ಜನರಿಗೆ ಹೇಳಿದ್ದಾಳಂತೆ, ಇಬ್ಬರು ಒಪ್ಪಿದ್ದಾರೆ, ಇನ್ನಿಬ್ಬರು “ನೋಡೋಣ” ಅಂದಿದ್ದಾರೆ.

ನಿಮ್ಮೂರ ಪಕ್ಕದ ಹಾಲ್ಟ್ ಯಾವುದು? ಅಲ್ಲಿ ಈಗ ದಿನಕ್ಕೆ ಎಷ್ಟು ಗಾಡಿ ನಿಲ್ಲುತ್ತೆ, ಹತ್ತು ವರ್ಷದ ಹಿಂದೆ ಎಷ್ಟು ನಿಲ್ಲುತ್ತಿತ್ತು? ಮನೆಯ ಹಿರಿಯರನ್ನ ಕೇಳಿ, ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಹಾಕೋಣ.