ಹಾಸಿಗೆ ಪಕ್ಕದ ಪರೀಕ್ಷೆಗೆ ಪ್ರತ್ಯೇಕ ಬಿಲ್ ಬೇಡ

ರೋಗಿಯ ಹಾಸಿಗೆಯ ಪಕ್ಕದಲ್ಲೇ ನಡೆಯುವ ರಕ್ತಪರೀಕ್ಷೆ ಇಂದು ಐಸಿಯುಗಳ ನಿತ್ಯದ ಕೆಲಸ. ಬೆರಳು ಚುಚ್ಚಿ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡುವ ಜಿಆರ್‌ಬಿಎಸ್, ರಕ್ತದ ಆಮ್ಲತೆ ಹಾಗೂ ಆಮ್ಲಜನಕ ತಿಳಿಸುವ ಎಬಿಜಿ, ಹೃದಯಾಘಾತದ ಸುಳಿವು ಕೊಡುವ ಟ್ರೋಪೋನಿನ್ ಕಾರ್ಡ್ ಇವುಗಳಲ್ಲಿ ಮುಖ್ಯವಾದವು. ಫಲಿತಾಂಶ ನಿಮಿಷಗಳಲ್ಲಿ ಕೈಸೇರುತ್ತದೆ. ಆ ವೇಗದ ಬೆಲೆಯನ್ನು ಯಾರು, ಯಾವ ಲೆಕ್ಕದಲ್ಲಿ ತೆರಬೇಕೆಂಬುದೇ ವಿವಾದ.

ಬಿಡಿ ಪರೀಕ್ಷೆಯ ಖರ್ಚು ಹೋಲಿಸಿದರೆ ಪ್ರಯೋಗಾಲಯವೇ ಸಾಮಾನ್ಯವಾಗಿ ಅಗ್ಗ. ಅಲ್ಲಿ ಒಂದೇ ಯಂತ್ರ ನೂರಾರು ಮಾದರಿಗಳನ್ನು ಸಾಲಾಗಿ ಮುಗಿಸುತ್ತದೆ. ಇಲ್ಲಿ ಪ್ರತಿ ಹನಿಗೂ ಹೊಸ ಸ್ಟ್ರಿಪ್ ಬೇಕು. ಆದರೆ ಸಕ್ಕರೆ ವಿಪರೀತ ಕುಸಿದ ರೋಗಿ ಪ್ರಯೋಗಾಲಯದ ವರದಿಗೆ ಕಾಯುವಂತಿಲ್ಲ. ತಡವಾದರೆ ಮಿದುಳಿಗೇ ಪೆಟ್ಟು. ಹಾಗಾಗಿ ಖರ್ಚಿನ ನೆಪದಲ್ಲಿ ಈ ಪರೀಕ್ಷೆಗಳನ್ನು ಕೈಬಿಡುವಂತಿಲ್ಲ.

ಹಣ ಪೋಲಾಗುವುದು ನಿರ್ವಹಣೆಯಲ್ಲಿ. ಕಂಪನಿಗಳು ಹಲವು ಕಡೆ ಯಂತ್ರವನ್ನು ಉಚಿತವಾಗಿ ಇಟ್ಟು, ತಿಂಗಳಿಗೆ ಇಂತಿಷ್ಟು ಕಿಟ್ ಕೊಳ್ಳಬೇಕೆಂಬ ಕರಾರು ಬರೆಸಿಕೊಳ್ಳುತ್ತವೆ. ಆ ಪ್ರಮಾಣ ಮುಟ್ಟಿಸುವ ಒತ್ತಡ ವಾರ್ಡಿನ ಮೇಲೆ ಬೀಳುತ್ತದೆ. ಎಬಿಜಿ ಯಂತ್ರಕ್ಕೆ ಒಮ್ಮೆ ಹಾಕಿದ ಕಾರ್ಟ್ರಿಡ್ಜ್, ಪರೀಕ್ಷೆ ನಡೆಯಲಿ ಬಿಡಲಿ, ನಿಗದಿತ ದಿನಗಳಲ್ಲಿ ಅವಧಿ ಮುಗಿಸುತ್ತದೆ. ಒಂದೊಂದು ವಾರ್ಡ್ ಒಂದೊಂದು ಕಂಪನಿಯ ಮೀಟರ್ ಕೊಂಡರೆ ಸ್ಟ್ರಿಪ್ ದಾಸ್ತಾನು, ತರಬೇತಿ, ತಪಾಸಣೆ ಎಲ್ಲವೂ ಇಮ್ಮಡಿ.

ಗುಣಮಟ್ಟಕ್ಕೂ ಬೆಲೆ ಇದೆ. ಐಎಸ್‌ಒ 15197:2013 ಮಾನದಂಡದಂತೆ, ಸಕ್ಕರೆ ಡೆಸಿಲೀಟರಿಗೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಶೇ. 95ರಷ್ಟು ಫಲಿತಾಂಶಗಳು ನಿಜ ಮೌಲ್ಯದಿಂದ ಶೇ. 15ಕ್ಕಿಂತ ಆಚೀಚೆ ಹೋಗಬಾರದು. ರಕ್ತಹೀನತೆ ಇರುವವರಲ್ಲಿ ಅನೇಕ ಮೀಟರ್‌ಗಳು ಸಕ್ಕರೆಯನ್ನು ಹೆಚ್ಚಾಗಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಐಎಸ್‌ಒ 15189ರ 2022ರ ಆವೃತ್ತಿ ಹಾಸಿಗೆ ಪಕ್ಕದ ಪರೀಕ್ಷೆಗಳನ್ನೂ ಪ್ರಯೋಗಾಲಯದ ಗುಣಮಟ್ಟದ ನಿಯಮದೊಳಗೇ ತಂದಿದೆ. ಆಸ್ಪತ್ರೆಗಳು ಇದನ್ನು ಕಾಗದದಲ್ಲಿ ಉಳಿಸಬಾರದು.

ಇನ್ನು ಬಿಲ್ಲಿನ ವಿಷಯ. ಮಧುಮೇಹ ವಿಷಮಿಸಿ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್‌ನಿಂದ ಇನ್ಸುಲಿನ್ ಡ್ರಿಪ್‌ನಲ್ಲಿರುವವರಿಗೆ ಗಂಟೆಗೊಮ್ಮೆ ಸಕ್ಕರೆ ನೋಡಬೇಕು. ದಿನಕ್ಕೆ 24 ಸಲ. ಪ್ರತಿ ಸಲಕ್ಕೂ ದರ ಹಾಕಿದರೆ ಕಾಯಿಲೆ ತೀವ್ರವಾದಷ್ಟೂ ಆಸ್ಪತ್ರೆಗೆ ಆದಾಯ. ದೆಹಲಿ ವಲಯದ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ಪರಿಶೀಲಿಸಿದ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಔಷಧ, ಬಳಸಿ ಬಿಸಾಡುವ ಸಾಮಗ್ರಿ ಮತ್ತು ಪರೀಕ್ಷೆಗಳ ಮೇಲಿನ ಲಾಭ ಶೇ. 1,737ರವರೆಗೆ ಹೋಗಿದೆಯೆಂದು 2018ರಲ್ಲಿ ಹೇಳಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಪ್ಯಾಕೇಜ್ ಯೋಜನೆಗಳಲ್ಲಿ ಅಪಾಯ ತಿರುಗುಮುರುಗು: ಪ್ರತಿ ಸ್ಟ್ರಿಪ್ ಖರ್ಚಿನ ಬಾಬತ್ತಾಗುವುದರಿಂದ ಬೇಕಾದ ಪರೀಕ್ಷೆಯೂ ತಪ್ಪಬಹುದು.

ಸ್ಟ್ರಿಪ್, ನರ್ಸ್‌ಗಳ ಸಮಯ, ನಿರ್ವಹಣೆ ಎಲ್ಲಕ್ಕೂ ಹಣ ಬೇಕೆಂಬ ಆಸ್ಪತ್ರೆಗಳ ಮಾತು ನಿಜ. ಆ ಖರ್ಚು ಐಸಿಯು ದಿನದ ಬಾಡಿಗೆಯಲ್ಲೇ ಸೇರಲಿ. 2025ರ ಸೆಪ್ಟೆಂಬರ್ 22ರಿಂದ ಗ್ಲುಕೋಮೀಟರ್, ಸ್ಟ್ರಿಪ್ ಮತ್ತು ಪರೀಕ್ಷಾ ಕಿಟ್‌ಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ; ಅದರ ಲಾಭ ಸೇರಬೇಕಾದದ್ದು ರೋಗಿಗೆ.

2017ರಲ್ಲಿ ಖಾಸಗಿ ಆಸ್ಪತ್ರೆಗಳ ದರ ನಿಯಂತ್ರಿಸಹೊರಟ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ತಿದ್ದುಪಡಿ, ವೈದ್ಯರ ಮುಷ್ಕರದ ನಂತರ ಸಡಿಲಗೊಂಡಿತು. ದರಪಟ್ಟಿ ಪ್ರಕಟಿಸುವ ಹೊಣೆ ಮಾತ್ರ ಕಾನೂನಿನಲ್ಲಿ ಉಳಿದಿದೆ. ಆ ಪಟ್ಟಿಯಲ್ಲಿ ಐಸಿಯು ಬಾಡಿಗೆಯೊಳಗೆ ಯಾವ ಪರೀಕ್ಷೆಗಳು ಸೇರಿವೆ ಎಂಬುದನ್ನು ಕಡ್ಡಾಯವಾಗಿ ನಮೂದಿಸುವಂತೆ ಸರ್ಕಾರ ಆದೇಶಿಸಲಿ. ಯಂತ್ರ ಕೊಳ್ಳುವ, ತಪಾಸಣೆ ಮಾಡುವ ಅಧಿಕಾರವನ್ನು ಆಸ್ಪತ್ರೆಗಳು ಪ್ರಯೋಗಾಲಯಕ್ಕೆ ವಹಿಸಲಿ. ಪರೀಕ್ಷೆಯ ಸಂಖ್ಯೆಯನ್ನು ರೋಗಿಯ ಸ್ಥಿತಿ ನಿರ್ಧರಿಸಬೇಕು, ಬಿಲ್ಲಿಂಗ್ ಕೌಂಟರ್ ನಿರ್ಧರಿಸಕೂಡದು.