ಬಾಡಿಗೆ ನಂಬಿ ಎರಡನೇ ಮನೆಸಾಲ ಬೇಡ

ಮಕ್ಕಳ ಕಾಲೇಜಿಗೆಂದು ಘಟ್ಟ ಇಳಿದು ಮಂಗಳೂರು ಸೇರುವ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಗಾಳಿಬೀಡಿನಲ್ಲೋ ಮಡಿಕೇರಿಯಲ್ಲೋ ಸಾಲ ಮಾಡಿ ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು, ಕೆಳಗೆ ಫ್ಲ್ಯಾಟ್ ಕೊಳ್ಳಲು ಮತ್ತೊಂದು ಸಾಲ ಕೇಳುತ್ತೇವೆ. ‘ಹಳೇ ಮನೆಯ ಬಾಡಿಗೆ ಬರ್ತದಲ್ಲ, ಕಂತು ಅದರಲ್ಲೇ ಹೋಗ್ತದೆ’ ಎಂಬುದು ನಮ್ಮ ಲೆಕ್ಕ. ಬ್ಯಾಂಕಿನ ಲೆಕ್ಕ ಬೇರೆ.

ಮೊದಲ ಸಾಲದ ಕಂತನ್ನು ಬ್ಯಾಂಕು ಪೂರ್ತಿಯಾಗಿ ಖರ್ಚಿಗೆ ಹಿಡಿಯುತ್ತದೆ. ಬಾಡಿಗೆಯಲ್ಲಿ ಮಾತ್ರ ಸಾಮಾನ್ಯವಾಗಿ ಒಂದು ಪಾಲನ್ನಷ್ಟೇ ಆದಾಯವೆಂದು ಒಪ್ಪುತ್ತದೆ. ಅದಕ್ಕೂ ಕರಾರು ಪತ್ರ, ಖಾತೆಗೆ ಹಣ ಬಿದ್ದ ದಾಖಲೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ಗುರುತು ಬೇಕು. ಬಾಯಿಮಾತಿನ ಬಾಡಿಗೆ, ಕೈಗೆ ಬಂದ ನಗದು ಅಲ್ಲಿ ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ ನೋಡೋಣ. ತಿಂಗಳ ಸಂಬಳ 60,000 ರೂ. ಮೊದಲ ಸಾಲ 20 ಲಕ್ಷ, ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 17,350 ರೂ. ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧ ಮೀರಬಾರದು ಎಂದು ಬ್ಯಾಂಕು ಹೇಳಿದರೆ, ಹೊಸ ಕಂತಿಗೆ ಉಳಿಯುವುದು 12,650 ರೂ. ಅದಕ್ಕೆ ಸಿಗುವ ಸಾಲ ಹದಿನಾಲ್ಕೂವರೆ ಲಕ್ಷ. ತಿಂಗಳಿಗೆ 9,000 ರೂ. ಬಾಡಿಗೆ ತೋರಿಸಿ, ಅದರಲ್ಲಿ ಅರ್ಧವನ್ನು ಬ್ಯಾಂಕು ಒಪ್ಪಿತು ಅಂತಿಟ್ಟುಕೊಳ್ಳಿ. ಆಗಲೂ ಸಾಲ 17 ಲಕ್ಷದ ಆಸುಪಾಸು ಬಂದು ನಿಲ್ಲುತ್ತದೆ. ಬಾಡಿಗೆಯಿಂದ ಹೆಚ್ಚಾದದ್ದು ಎರಡೂವರೆ ಲಕ್ಷ ಅಷ್ಟೇ.

ಉಳಿದದ್ದಕ್ಕೆ ಏನು ಮಾಡ್ತೇವೆ? ಉಮ್ಮನ, ಹೆಂಡತಿಯ ಚಿನ್ನ ಅಡವಿಗೆ ಹೋಗುತ್ತದೆ. ಗಲ್ಫ್‌ನಲ್ಲಿರುವ ತಮ್ಮನನ್ನು ಸಹಸಾಲಗಾರನನ್ನಾಗಿ ಮಾಡುತ್ತೇವೆ. ನಾಳೆ ಅವನು ತನ್ನ ಮನೆಗೆ ಸಾಲ ಕೇಳಲು ಹೋದಾಗ ಈ ಸಾಲ ಅವನ ಹೆಸರಲ್ಲೂ ಕಾಣುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನೆರವೂ ಸಿಗುವುದಿಲ್ಲ. ಅದು ಪಕ್ಕಾ ಮನೆ ಇಲ್ಲದವರಿಗೆ.

ಇನ್ನು ಬಾಡಿಗೆಯ ಭರವಸೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಗಾಳಿಬೀಡು ಭಾಗ ಏನೇನು ಕಂಡಿತೆಂದು ನಮಗೆ ಯಾರೂ ಹೇಳಬೇಕಿಲ್ಲ. ಮಂಗಳೂರು ರಸ್ತೆ ಜೋಡುಪಾಲದ ಬಳಿ ಕಡಿದುಹೋಯಿತು, ಪ್ರವಾಸಿಗರಿಗೆ ನಿರ್ಬಂಧ ಬಂತು. 2020ರಲ್ಲಿ ಲಾಕ್‌ಡೌನ್. ಮನೆಯನ್ನು ಹೋಂಸ್ಟೇ ಮಾಡಿದವರ ಗಳಿಕೆ ಎರಡು ಸಲವೂ ನಿಂತಿತು. ಬ್ಯಾಂಕಿನ ಕಂತು ಮಳೆಗಾಲ ನೋಡಿ ಬರುವುದಿಲ್ಲ.

ಬಡ್ಡಿಯ ವಿಷಯವೂ ಇದೆ. ಇರಲು ಒಂದು ಸೂರು ಅನಿವಾರ್ಯ ಎಂದು ಮೊದಲ ಸಾಲಕ್ಕೆ ಮನಸ್ಸು ಒಪ್ಪಿಸಿದವರು ನಮ್ಮಲ್ಲಿ ಹಲವರು. ಒಂದು ಮನೆ ಬಾಡಿಗೆಗಿರುವಾಗ ಎರಡನೆಯದಕ್ಕೂ ಅದೇ ಮಾತು ನಿಲ್ಲುತ್ತದೆಯೇ? ತೀರ್ಪು ಕೊಡುವವರು ನಾವಲ್ಲ. ಸಹಿ ಹಾಕಿದ ಮೇಲೆ ಕೇಳುವ ಬದಲು ಮೊದಲೇ ಉಲಮಾಗಳಲ್ಲಿ ಕೇಳುವುದು ಒಳ್ಳೆಯದು.

ನಮ್ಮ ಸಲಹೆ ಇಷ್ಟೇ. ಬಾಡಿಗೆಯನ್ನು ಸೊನ್ನೆ ಅಂತ ಹಿಡಿದು ಎರಡೂ ಕಂತು ಕಟ್ಟಲಾಗುತ್ತದೆಯೇ ನೋಡಿ. ಆಗುವುದಾದರೆ ಮುಂದುವರಿಯಿರಿ. ಆಗದಿದ್ದರೆ ಮಂಗಳೂರಿನಲ್ಲಿ ನಾವೂ ಸ್ವಲ್ಪ ಕಾಲ ಬಾಡಿಗೆಗಿರೋಣ. ಅದರಲ್ಲಿ ಮರ್ಯಾದೆ ಕಡಿಮೆಯಾಗುವಂಥದ್ದು ಏನೂ ಇಲ್ಲ. ಅಲ್ಲಿ ಕೊಟ್ಟು ಕೈಯಲ್ಲಿ ಉಳಿದಷ್ಟನ್ನು ಮೊದಲ ಸಾಲದ ಅಸಲಿಗೆ ಕಟ್ಟಿ. ಬಡ್ಡಿದರ ಬದಲಾಗುವ ಮನೆಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಬಾಡಿಗೆ ಕರಾರನ್ನು ಇಂದೇ ಬರೆಸಿ, ಹಣ ಖಾತೆಗೇ ಬರಲಿ. ಮೊದಲ ಸಾಲ ಇಳಿದಷ್ಟೂ ಎರಡನೆಯದನ್ನು ಕೇಳುವ ದಿನ ಸುಲಭವಾಗುತ್ತದೆ. ಮನೆಯ ಹೆಂಗಸರ ಚಿನ್ನವೂ ಅವರ ಕೈಯಲ್ಲೇ ಉಳಿಯುತ್ತದೆ.