ಪಾರ್ಸೆಲ್ಲಿನ ಹೊದಿಕೆಗೆ ಆಚಾರ ಬೇಡವೇ?

ಪ್ರಸಾದದ ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿಯುವ ಸಂಪ್ರದಾಯ ನಮ್ಮದು. ಲಿಂಗಕ್ಕೆ ಅರ್ಪಿತವಾದದ್ದು ವ್ಯರ್ಥವಾಗಬಾರದೆಂಬ ನಿಷ್ಠೆ ಅದರ ಹಿಂದಿದೆ. ಅದೇ ಮನೆಯಿಂದ ಹೊರಡುವ ಅರ್ಧ ಕಿಲೋ ಖಾರದ ಪುಡಿಯ ಪಾರ್ಸೆಲ್ಲನ್ನು ಒಮ್ಮೆ ಬಿಚ್ಚಿ ನೋಡಿರಿ. ಒಳಗೆ ಬೆಳ್ಳಿ ಬಣ್ಣದ ಪೌಚು, ಅದಕ್ಕೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರ ಸುತ್ತ ಗುಳ್ಳೆಗಳ ಬಬಲ್ ಶೀಟು, ಅಳತೆ ಮೀರಿದ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ಮೈತುಂಬ ಕಂದು ಟೇಪು, ಎಲ್ಲದರ ಮೇಲೆ ಕೊರಿಯರಿನ ಪ್ಲಾಸ್ಟಿಕ್ ಕವರು. ಬೆಂಗಳೂರಿನ ಮನೆಯೊಂದರಲ್ಲಿ ಇಷ್ಟೂ ಎರಡು ನಿಮಿಷದಲ್ಲಿ ಹರಿದು ಕಸದ ಬುಟ್ಟಿ ಸೇರುತ್ತದೆ. ಅಗುಳಿಗೆ ಇರುವ ಆಚಾರ ಹೊದಿಕೆಗೆ ಯಾಕಿಲ್ಲ?

ಮಾರಾಟದ ಬಗ್ಗೆ ನನ್ನ ತಕರಾರಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ, ಹಾವೇರಿಯ ಏಲಕ್ಕಿ ಹಾರ, ರಾಣೆಬೆನ್ನೂರಿನ ತಾಯಂದಿರ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಇವೆಲ್ಲ ಮೊಬೈಲಿನ ಆರ್ಡರಿನ ಮೇಲೆ ದೂರದ ಊರು ಸೇರುತ್ತಿರುವುದು ಒಳ್ಳೆಯದೇ. ದುಡಿದವರ ಕೈಗೆ ನೇರವಾಗಿ ಹಣ ಬರುವುದು ಕಾಯಕ ತತ್ವಕ್ಕೆ ಹತ್ತಿರವಾದ ವ್ಯವಹಾರ. ಆದರೆ ಕಾಯಕ ಸರಕು ಮಾರಿದಲ್ಲಿಗೆ ಮುಗಿಯುವುದಿಲ್ಲ. ಸರಕಿನ ಜೊತೆ ನಾವು ಕಳಿಸಿದ ಕಸವೂ ನಮ್ಮ ಲೆಕ್ಕಕ್ಕೇ ಬರುತ್ತದೆ.

ಇದನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಮೊದಲನೆಯದು, ಗಿರಾಕಿಗೆ ಥಳಕು ಬೇಕು ಎಂಬುದು. ಎರಡನೆಯದು, ನಮ್ಮದು ಪರಿಸರಸ್ನೇಹಿ ಕವರು, ಮೇಲೆ ಹಸಿರು ಎಲೆ ಇದೆ ನೋಡಿ ಎಂಬುದು. ಮೊದಲನೆಯದು ಬರೀ ಮೈಗಳ್ಳತನ. ಎರಡನೆಯದು ಅದಕ್ಕಿಂತ ಅಪಾಯಕಾರಿ, ಯಾಕೆಂದರೆ ಹೇಳುವವರು ಅದನ್ನು ನಂಬಿಯೇ ಹೇಳುತ್ತಾರೆ.

ಲಾಂಛನವನ್ನೇ ಆಚಾರವೆಂದು ತಿಳಿಯುವ ರೋಗ ನಮಗೆ ಹೊಸದಲ್ಲ. ಹಣೆಯ ವಿಭೂತಿಗೆ ತಕ್ಕ ನಡೆ ಇಲ್ಲದವರನ್ನು ಶರಣರು ಬಿಟ್ಟವರಲ್ಲ. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿರುವ ಚೌಡದಾನಪುರ ಅಂಬಿಗರ ಚೌಡಯ್ಯನವರ ನೆನಪಿನ ನೆಲ. ಡಾಂಭಿಕರ ವೇಷವನ್ನು ಅವರಷ್ಟು ಖಾರವಾಗಿ ಝಾಡಿಸಿದವರು ಅಪರೂಪ. ಅವರ ನೆಲದವರೇ ಆದ ನಾವು ಚೀಲದ ಮೇಲಿನ ಎಲೆಯ ಚಿತ್ರ ಕಂಡು ಕೈಮುಗಿದರೆ ಹೇಗೆ?

ಎಲೆಯ ಹಿಂದೆ ಏನಿದೆ ನೋಡೋಣ. ‘ಬಯೋಡಿಗ್ರೇಡಬಲ್’ ಎಂದು ಬರೆದ ಮಾತ್ರಕ್ಕೆ ಚೀಲ ಮಣ್ಣಾಗುವುದಿಲ್ಲ. ‘ಕಾಂಪೋಸ್ಟೆಬಲ್’ ಅಂದರೆ ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಐಎಸ್/ಐಎಸ್ಒ 17088 ಎಂಬ ಮಾನದಂಡವಿದೆ. ಆ ಪರೀಕ್ಷೆಯಲ್ಲಿ ವಸ್ತುವನ್ನು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸರಿಯಾದ ತೇವ ಮತ್ತು ಗಾಳಿ ಕೊಟ್ಟು ಇಡುತ್ತಾರೆ. 12 ವಾರಗಳಲ್ಲಿ ಅದು ಪುಡಿಪುಡಿಯಾಗಬೇಕು, 180 ದಿನಗಳೊಳಗೆ ಅದರ ಇಂಗಾಲದ ಶೇ. 90 ಭಾಗ ಜೀವಾಣುಗಳಿಂದ ಕರಗಿ ಇಂಗಾಲದ ಡೈಆಕ್ಸೈಡ್ ಆಗಬೇಕು. ಅಂದರೆ ಇದು ಕೈಗಾರಿಕಾ ಗೊಬ್ಬರ ಘಟಕದ ಮಾತು. ರಸ್ತೆ ಬದಿಯ ತಿಪ್ಪೆಯಲ್ಲಿ, ಗಟಾರಿನಲ್ಲಿ, ವರದಾ ನದಿಯ ನೀರಿನಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು? ಅಲ್ಲಿ ಅದು ಉಳಿದ ಪ್ಲಾಸ್ಟಿಕ್ಕಿನ ಹಾಗೆಯೇ ಬಹುಕಾಲ ಬಿದ್ದಿರುತ್ತದೆ. ಮಾಮೂಲಿ ಪ್ಲಾಸ್ಟಿಕ್ಕಿನ ಜೊತೆ ಬೆರೆತು ಗುಜರಿಗೆ ಹೋದರೆ ಆ ರಾಶಿಯ ಮರುಬಳಕೆಯನ್ನೂ ಕೆಡಿಸುತ್ತದೆ.

2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕಾಂಪೋಸ್ಟೆಬಲ್ ಚೀಲ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಸರ್ಕಾರಿ ಎಂಜಿನಿಯರನಾಗಿ ಸೇವೆ ಮುಗಿಸಿದ ನಾನು ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಪರೀಕ್ಷಾ ವರದಿ ಇಲ್ಲದ ಸಿಮೆಂಟು, ಕಬ್ಬಿಣಕ್ಕೆ ಬಿಲ್ಲು ಪಾಸಾಗಬಾರದು. ಕವರಿಗೂ ಅದೇ ನ್ಯಾಯ. ಪ್ರಮಾಣಪತ್ರದ ಸಂಖ್ಯೆ ಕೇಳಿರಿ. ಕೊಡದವರಿಗೆ ಆರ್ಡರ್ ಕೊಡಬೇಡಿರಿ.

ಇನ್ನು ಕೆಲವರು ಕಾನೂನಿನ ಮರೆಗೆ ನಿಲ್ಲುತ್ತಾರೆ. 2022ರ ಜುಲೈ 1ರಿಂದ ನಿಷೇಧವಾದ ಏಕಬಳಕೆ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಅಲಂಕಾರದ ಥರ್ಮಾಕೋಲ್, ಸಿಹಿತಿಂಡಿ ಡಬ್ಬಿಯ ಮೇಲಿನ ತೆಳು ಹಾಳೆ ಇವೆ. ಕೊರಿಯರ್ ಕವರಾಗಲಿ ಬಬಲ್ ಶೀಟಾಗಲಿ ಅದರಲ್ಲಿಲ್ಲ. ನಿಜ. ಆದರೆ ಕಾನೂನು ಬಿಟ್ಟದ್ದನ್ನೆಲ್ಲ ಮಾಡಬಹುದು ಎನ್ನುವುದಾದರೆ ನಮಗೆ ಶರಣಧರ್ಮ ಬೇಕಿರಲಿಲ್ಲ, ಪೊಲೀಸ್ ಠಾಣೆಯೊಂದೇ ಸಾಕಿತ್ತು.

ಹಾಗಾದರೆ ಪ್ಲಾಸ್ಟಿಕ್ಕನ್ನು ಮುಟ್ಟಲೇಬಾರದೇ? ಹಾಗೆ ಹೇಳುವುದು ಇನ್ನೊಂದು ಬಗೆಯ ಮಡಿ. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಇರುವುದೇ ಅದರ ಕಡುಗೆಂಪು ಬಣ್ಣಕ್ಕೆ. ಪುಡಿ ಮಾಡಿದ ಮೇಲೆ ಗಾಳಿ, ಬೆಳಕು ತಾಗಿದರೆ ಬಣ್ಣ ಮಾಸುತ್ತದೆ, ತೇವ ತಾಗಿದರೆ ಗಂಟು ಕಟ್ಟುತ್ತದೆ. ಬರಿಯ ಕಾಗದದ ಪೊಟ್ಟಣದಲ್ಲಿ ಕಳಿಸಿ, ಕೆಟ್ಟ ಪುಡಿ ವಾಪಸು ಬಂದರೆ ವರ್ಷವಿಡೀ ಬೆವರು ಹರಿಸಿದ ರೈತನ ಬೆಳೆಯೇ ಕಸವಾಯಿತು. ಅದು ದೊಡ್ಡ ವ್ಯರ್ಥ. ಆದ್ದರಿಂದ ಪುಡಿಗೆ ಒಳಗಿನ ಒಂದು ಚೀಲ ಬೇಕು, ಒಂದೇ ಸಾಕು. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಅಂಟಿಸಿದ ಬಹುಪದರದ ಪೌಚನ್ನು ಗುಜರಿಯವನೂ ಕೊಳ್ಳುವುದಿಲ್ಲ. ಅದರ ಬದಲು ಒಂದೇ ಜಾತಿಯ, ದಪ್ಪ ಪಾಲಿಥೀನ್ ಚೀಲ ತರಿಸಿರಿ. ಬೆಳಕನ್ನು ತಡೆಯುವ ಕೆಲಸ ಹೊರಗಿನ ರಟ್ಟೇ ಮಾಡುತ್ತದೆ. ಏಲಕ್ಕಿ ಹಾರಕ್ಕೆ, ಪುಸ್ತಕಕ್ಕೆ, ಬಟ್ಟೆಗೆ ಒಳಗೂ ಕಾಗದ ಸಾಕು. ಒಂದು ಎಚ್ಚರಿಕೆ: ಹಳೆಯ ಪತ್ರಿಕೆಯಲ್ಲಿ ತಿನ್ನುವ ಪದಾರ್ಥ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ನಿಷೇಧಿಸಿವೆ. ಪೆಟ್ಟಿಗೆಯ ಸಂದು ತುಂಬಲು ಮಾತ್ರ ಅದನ್ನು ಬಳಸಿರಿ.

ಹೊರಗಿನ ಪೆಟ್ಟಿಗೆಯ ಲೆಕ್ಕ ಕೇಳಿರಿ. ಹೆಚ್ಚಿನ ಕೊರಿಯರ್ ಕಂಪನಿಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಬಂದ ಉತ್ತರ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. ಅರ್ಧ ಕಿಲೋ ಪುಡಿಯನ್ನು 30×25×15ರ ಸಿದ್ಧ ಪೆಟ್ಟಿಗೆಯಲ್ಲಿಟ್ಟರೆ ಲೆಕ್ಕದ ತೂಕ 2.25 ಕಿಲೋ. ಅದೇ ಪುಡಿ 18×12×8ರ ಪೆಟ್ಟಿಗೆಯಲ್ಲಿ ಆರಾಮಾಗಿ ಕೂರುತ್ತದೆ. ಆಗ ಲೆಕ್ಕದ ತೂಕ 0.35 ಕಿಲೋ ಮಾತ್ರ, ದರ ಬೀಳುವುದು ನಿಜ ತೂಕಕ್ಕೆ. ದೊಡ್ಡ ಪೆಟ್ಟಿಗೆ ಕೊಂಡವರು ಗಾಳಿಗೆ ಬಾಡಿಗೆ ಕೊಟ್ಟರು, ಆ ಗಾಳಿಯ ಜಾಗ ತುಂಬಲು ಬಬಲ್ ಶೀಟಿಗೂ ದುಡ್ಡು ಕೊಟ್ಟರು. ಪರಿಸರಕ್ಕೆ ಒಳ್ಳೆಯದು ದುಬಾರಿ ಎಂಬ ಮಾತು ಇಲ್ಲಿಯೇ ಅರ್ಧ ಸುಳ್ಳಾಗುತ್ತದೆ.

ಉಳಿದರ್ಧ ನಿಜ, ಅದನ್ನು ಮುಚ್ಚಿಡಬಾರದು. ಅಳತೆಗೆ ತಕ್ಕ ಪೆಟ್ಟಿಗೆ ಮಾಡಿಕೊಡುವವರು ನೂರಾರು, ಕೆಲವೊಮ್ಮೆ ಸಾವಿರ ಪೆಟ್ಟಿಗೆಯ ಆರ್ಡರ್ ಕೇಳುತ್ತಾರೆ. ತಿಂಗಳಿಗೆ ಇಪ್ಪತ್ತು ಪಾರ್ಸೆಲ್ ಕಳಿಸುವ ತಾಯಿ ಸಾವಿರ ಪೆಟ್ಟಿಗೆ ಕೊಂಡು ಎಲ್ಲಿಡಬೇಕು? ಮುಂಗಡ ಎಲ್ಲಿಂದ ತರಬೇಕು? ಮಳೆಗಾಲದ ತಂಪಿಗೆ ರಟ್ಟು ಮೆತ್ತಗಾದರೆ ಅವಳ ಬಂಡವಾಳವೇ ಹೋಯಿತು. ಅದಕ್ಕೇ ಅವಳು ಸಿಕ್ಕ ಅಳತೆಯ ಪೆಟ್ಟಿಗೆ, ಎಲೆ ಚಿತ್ರದ ಕವರು ಕೊಳ್ಳುತ್ತಾಳೆ. ಅವಳನ್ನು ದೂರುವುದು ಸುಲಭ. ನಾನು ದೂರುವುದು ಅವಳಿಗೆ ಆಸರೆಯಾಗದ ನಮ್ಮನ್ನು, ನಮ್ಮ ಮಠಗಳನ್ನು.

ಮಠಗಳಲ್ಲಿ ಜಾಗವಿದೆ, ಒಣ ಕೋಣೆಗಳಿವೆ, ಲೆಕ್ಕ ಬರೆಯುವವರಿದ್ದಾರೆ, ಊರೂರಿನ ಅಕ್ಕನ ಬಳಗಗಳ ಒಡನಾಟವಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಠಗಳು ಕೂಡಿ ವರ್ಷಕ್ಕೆ ಎರಡು ಸಲ ಒಂದೇ ಆರ್ಡರ್ ಕೊಡಲಿ. ಮೂರೇ ಅಳತೆಯ, ಮೂರು ಪದರದ ಕ್ರಾಫ್ಟ್ ಕಾಗದದ ಪೆಟ್ಟಿಗೆ, ಮೇಲೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಇಲ್ಲ, ಜೊತೆಗೆ ಅಂಟಿನ ಕಾಗದದ ಟೇಪು. ರಟ್ಟಿನ ಪದರ ಅಂಟಿಸುವ ಗೋಂದು ಸಾಮಾನ್ಯವಾಗಿ ಮೆಕ್ಕೆಜೋಳದ ಗಂಜಿಯದು, ನಮ್ಮ ಜಿಲ್ಲೆಯ ಹೊಲಗಳಿಗೆ ಅದು ಪರಕೀಯವೂ ಅಲ್ಲ. ಬೇಕಾದವರು ಹತ್ತಾಗಲಿ ಇಪ್ಪತ್ತಾಗಲಿ ಅಸಲು ದರಕ್ಕೆ ಒಯ್ಯಲಿ. ಲೆಕ್ಕವನ್ನು ಮಠದ ಗೋಡೆಗೆ ಹಚ್ಚಲಿ. ಅನ್ನದ ದಾಸೋಹ ನಡೆಸಿದವರಿಗೆ ಇದು ಭಾರವಲ್ಲ.

ಮಠಕ್ಕೂ ಪೆಟ್ಟಿಗೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕುಡಿತ, ತಂಬಾಕಿನ ಚಟಗಳನ್ನು ಭಿಕ್ಷೆ ಬೇಡಿದರು. ಜೋಳಿಗೆಗೂ ಗುಟಕಾಕ್ಕೂ ಏನು ಸಂಬಂಧ ಎಂದು ಆಗ ಕೇಳಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವು? ಇನ್ನು ಮಠದ ಸ್ವಂತ ಮನೆಯ ಮಾತು. ವಿಭೂತಿ, ರುದ್ರಾಕ್ಷಿ, ಗ್ರಂಥಗಳನ್ನು ಭಕ್ತರಿಗೆ ಕಳಿಸುವಾಗ ಬಬಲ್ ಶೀಟು ಸುತ್ತುವುದು, ಧಾರ್ಮಿಕ ಪತ್ರಿಕೆಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಅಂಚೆಗೆ ಹಾಕುವುದು ನಿಲ್ಲಬೇಕು. ಪೂಜ್ಯರು ಇದನ್ನು ಮೊದಲು ತಮ್ಮ ಕಚೇರಿಯಲ್ಲಿ ನಿಲ್ಲಿಸಿ, ಆಮೇಲೆ ಆಶೀರ್ವಚನದಲ್ಲಿ ಹೇಳಲಿ.

ಸ್ವತಂತ್ರ ಧರ್ಮದ ಮಾನ್ಯತೆಯಂಥ ದೊಡ್ಡ ಪ್ರಶ್ನೆಗಳಿರುವಾಗ ರಟ್ಟಿನ ಪೆಟ್ಟಿಗೆಯ ಚರ್ಚೆ ಯಾಕೆ ಎಂಬ ಆಕ್ಷೇಪವೂ ಬರುತ್ತದೆ. ಮೇದಾರ ಕೇತಯ್ಯನವರು ಹೆಣೆದದ್ದು ಬಿದಿರ ಬುಟ್ಟಿ. ನುಲಿಯ ಚಂದಯ್ಯನವರು ಹೊಸೆದದ್ದು ಹುಲ್ಲಿನ ಹಗ್ಗ. ತುಂಬುವ, ಕಟ್ಟುವ ಸಾಮಾನನ್ನು ಮಾಡಿದವರೂ ಅನುಭವ ಮಂಟಪದಲ್ಲಿ ಕುಳಿತರು, ಅವರ ಕಾಯಕ ಯಾರಿಗೂ ಸಣ್ಣದೆನಿಸಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹೆಚ್ಚಾದದ್ದನ್ನು ಮರಳಿ ಸುರಿದು ಬರಲು ಹೇಳಿದರು. ನಮ್ಮ ಪಾರ್ಸೆಲ್ಲು ಆ ತಾಯಿಯ ಕೈಗೆ ಹೋದರೆ ಎಷ್ಟು ಪದರ ವಾಪಸು ಬಂದಾವು?

ಮುಂದಿನ ಸಲ ಹೊದಿಕೆ ತರಿಸುವಾಗ ಪ್ರತಿ ಪದರಕ್ಕೂ ನಾಲ್ಕು ಪ್ರಶ್ನೆ ಕೇಳಿರಿ. ಇದನ್ನು ಬಿಟ್ಟರೆ ಸರಕು ಕೆಡುತ್ತದೆಯೇ? ಅಳತೆ ಸರಕಿಗೆ ತಕ್ಕದ್ದೇ? ಬಿಚ್ಚಿದ ಮೇಲೆ ರದ್ದಿಯವನು ಕೊಳ್ಳುತ್ತಾನೆಯೇ? ಕಾಂಪೋಸ್ಟೆಬಲ್ ಎಂದು ಬರೆದಿದ್ದರೆ ಪ್ರಮಾಣಪತ್ರ ಎಲ್ಲಿ? ಉತ್ತರ ಸರಿ ಬರದಿದ್ದರೆ ಆ ಪದರವನ್ನು ಕೈಬಿಡಿರಿ. ನಿಮ್ಮ ಊರಿನ ಮಠದ ಮುಂದಿನ ಸಭೆಯಲ್ಲಿ ಕೂಡು ಆರ್ಡರಿನ ವಿಷಯ ಎತ್ತಿರಿ. ಮೆಣಸಿನಕಾಯಿಯ ಮುಂದಿನ ಸುಗ್ಗಿಗೆ ಮುನ್ನ ಮೊದಲ ಪೆಟ್ಟಿಗೆಗಳು ನಮ್ಮ ತಾಯಂದಿರ ಕೈ ಸೇರಲಿ.